ನೈಟ್ರೋ ಕಾರಿನ ಎಂಜಿನ್ ಅತಿಯಾಗಿ ಬಿಸಿಯಾಗದಂತೆ ಟ್ಯೂನ್ ಮಾಡುವುದು ಹೇಗೆ?

ರಿಮೋಟ್ ಕಾರುಗಳಲ್ಲಿ ಎರಡು ಬಗೆ ಇವೆ. ಒಂದು ಬ್ಯಾಟರಿಯಿಂದ ಓಡುವುದು, ಇನ್ನೊಂದು ನಿಜವಾದ ಪುಟ್ಟ ಎಂಜಿನ್ ಇರುವ ನೈಟ್ರೋ ಕಾರು. ನನ್ನ ಮಾಮೂ ದುಬೈನಿಂದ ತಂದ ಇಂಥದೊಂದು ಕಾರನ್ನು ನೋಡಿಕೊಳ್ಳುವ ಕೆಲಸ ಈಗ ನನ್ನದು. ಅದರ ಎಂಜಿನ್ 3 ಸಿ.ಸಿ.ಯಷ್ಟೇ. ಆದರೆ ಇಂಥ ಎಂಜಿನ್ ನಿಮಿಷಕ್ಕೆ 30,000 ಸುತ್ತು ತಿರುಗಬಲ್ಲದು. ಒಮ್ಮೆ ಪಿಸ್ಟನ್ ಹಾಳಾದರೆ ಬದಲಿ ಭಾಗವನ್ನು ದೂರದಿಂದ ತರಿಸಬೇಕು. ಆದ್ದರಿಂದ ಬಿಸಿಯನ್ನು ಹತೋಟಿಯಲ್ಲಿಡುವುದು ಈ ಕಾರಿನ ಮೊದಲ ಪಾಠ.

ಇಂಧನವೇ ತಂಪು, ಇಂಧನವೇ ಎಣ್ಣೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ನೀವು ನೋಡಿರಬಹುದು. ಅವು ಟೂ ಸ್ಟ್ರೋಕ್ ಬೈಕುಗಳು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕಿತ್ತು. ನೈಟ್ರೋ ಎಂಜಿನ್ ಕೂಡ ಟೂ ಸ್ಟ್ರೋಕ್. ಇದರ ಇಂಧನದಲ್ಲಿ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಇರುತ್ತವೆ. ಆ ಎಣ್ಣೆಯಲ್ಲಿ ಅನೇಕ ವೇಳೆ ನಮ್ಮ ಕಡೆಯ ಔಡಲ ಎಣ್ಣೆಯೂ ಸೇರಿರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಅರಂಡಿ ಕಾ ತೇಲ್ ಎನ್ನುತ್ತಾರೆ.

ಮೆಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಅಂದರೆ ಇಂಧನ ಇಲ್ಲಿ ಮೂರು ಕೆಲಸ ಮಾಡುತ್ತದೆ: ಉರಿಯುತ್ತದೆ, ತಂಪು ಮಾಡುತ್ತದೆ, ಜಾರು ಕೊಡುತ್ತದೆ. ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಿದ್ದರೆ ಅದಕ್ಕೆ ರಿಚ್ ಎನ್ನುತ್ತಾರೆ, ಕಡಿಮೆ ಇದ್ದರೆ ಲೀನ್. ಲೀನ್ ಮಾಡುತ್ತ ಹೋದಂತೆ ಕಾರು ಮೊದಲು ಜೋರಾಗಿ ಓಡುತ್ತದೆ. ಅಲ್ಲೇ ಮೋಸ ಇರುವುದು. ಇಂಧನ ಕಡಿಮೆಯಾದಾಗ ತಂಪೂ ಕಡಿಮೆ, ಎಣ್ಣೆಯೂ ಕಡಿಮೆ. ಕೊನೆಗೆ ಎಂಜಿನ್ ಸೀಜ್ ಆಗುತ್ತದೆ.

ಟ್ಯೂನ್ ಮಾಡುವ ಕ್ರಮ

1. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಸೆಟ್ಟಿಂಗ್‌ನಿಂದಲೇ ಶುರು ಮಾಡಿ. ಏರ್ ಫಿಲ್ಟರ್ ಸ್ವಚ್ಛವಾಗಿ, ಎಣ್ಣೆ ಹಚ್ಚಿದಂತಿರಲಿ.

2. ಎಂಜಿನ್ ಶುರುವಾದ ಮೇಲೆ ಎರಡು ಮೂರು ನಿಮಿಷ ನಿಧಾನವಾಗಿ ಓಡಿಸಿ. ತಣ್ಣಗಿರುವ ಎಂಜಿನ್ನನ್ನು ಟ್ಯೂನ್ ಮಾಡಬಾರದು.

3. ಕಾರ್ಬುರೇಟರಿನಲ್ಲಿ ಪೂರ್ತಿ ವೇಗದ ನೀಡಲ್ ಒಂದು, ನಿಧಾನ ವೇಗದ್ದು ಇನ್ನೊಂದು. ಮೊದಲು ಪೂರ್ತಿ ವೇಗದ್ದನ್ನು ನೋಡಿ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಲೀನ್, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ರಿಚ್. ಒಂದು ಸಲಕ್ಕೆ ಗಡಿಯಾರದ ಒಂದು ಗಂಟೆಯಷ್ಟೇ ತಿರುಗಿಸಿ. ನಂತರ ಕಾರು ಓಡಿಸಿ ನೋಡಿ.

4. ಹೊಗೆ ನೋಡಿ. ಟೂ ಸ್ಟ್ರೋಕ್ ರಿಪೇರಿಯಲ್ಲಿ ಪಳಗಿದ ನಮ್ಮ ಓಣಿಯ ಚಾಚಾ ಹೇಳುವುದು ಒಂದೇ ಮಾತು: “ಪೈಲೇ ಧುವಾಂ ದೇಖೋ ಬೇಟಾ.” ಮೊದಲು ಹೊಗೆ ನೋಡು ಎಂದು. ಪೂರ್ತಿ ವೇಗದಲ್ಲಿ ಸೈಲೆನ್ಸರಿನಿಂದ ತೆಳುವಾದ ಹೊಗೆಯ ಗೆರೆ ಬರುತ್ತಲೇ ಇರಬೇಕು. ಹೊಗೆ ನಿಂತು ಸದ್ದು ಚೀರಿದಂತಾದರೆ, ಅಥವಾ ಓಡುತ್ತ ಓಡುತ್ತ ಕಾರು ಸೊರಗಿದರೆ ಅದು ಲೀನ್.

5. ನಿಧಾನ ವೇಗದ ಪರೀಕ್ಷೆಗೆ ಇಂಧನದ ನಳಿಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಮೂರು ನಾಲ್ಕು ಸೆಕೆಂಡಿನಲ್ಲಿ ಎಂಜಿನ್ ಸ್ವಲ್ಪ ವೇಗ ಪಡೆದು ನಿಂತರೆ ಸರಿ. ತಕ್ಷಣ ನಿಂತರೆ ಲೀನ್. ಬಹಳ ಹೊತ್ತು ಓಡಿದರೆ ರಿಚ್.

6. ಥರ್ಮಾಮೀಟರ್ ಗನ್ ಇದ್ದರೆ ಗ್ಲೋ ಪ್ಲಗ್ಗಿನ ಬುಡದಲ್ಲಿ ಅಳೆಯಿರಿ. ಹೆಚ್ಚಿನ ಎಂಜಿನ್ನುಗಳಿಗೆ 100ರಿಂದ 120 ಡಿಗ್ರಿ ಸೆಲ್ಸಿಯಸ್ ಸರಿಯಾದ ಬಿಸಿ. ಗನ್ ಇಲ್ಲದಿದ್ದರೆ ಎಂಜಿನ್ ತಲೆಯ ಮೇಲೆ ಒಂದು ಹನಿ ನೀರು ಬಿಡಿ. ಮೂರು ನಾಲ್ಕು ಸೆಕೆಂಡಿನಲ್ಲಿ ಕುದಿದು ಆರಿದರೆ ಚಿಂತೆಯಿಲ್ಲ. ಬಿದ್ದ ಕೂಡಲೇ ಸಿಡಿದು ಹೋದರೆ ಕಾರು ನಿಲ್ಲಿಸಿ, ತಾನಾಗಿ ಆರಲು ಬಿಡಿ. ಆಮೇಲೆ ನೀಡಲ್ ಒಂದು ಗಂಟೆಯಷ್ಟು ತೆರೆಯಿರಿ.

ಹಾಗೆಂದು ವಿಪರೀತ ರಿಚ್ ಕೂಡ ಬೇಡ. ಸಿಲಿಂಡರಿನ ಮೇಲ್ಭಾಗ ತುಸು ಕಿರಿದಾಗಿದ್ದು, ಬಿಸಿಯಾದಾಗಲೇ ಹಿಗ್ಗಿ ಪಿಸ್ಟನ್ನಿಗೆ ಸರಿಹೊಂದುತ್ತದೆ. ತಣ್ಣಗೇ ಓಡಿಸುತ್ತಿದ್ದರೆ ಉಜ್ಜಿ ಸವೆಯುತ್ತದೆ.

ಚಳಿಯಲ್ಲೂ ಬಿಸಿಯಾದೀತು

ಬೇಸಿಗೆಯಲ್ಲಿ ಮಾತ್ರ ಎಂಜಿನ್ ಕೆಡುತ್ತದೆ ಎಂದು ನಾವು ತಿಳಿಯುತ್ತೇವೆ. ಲೆಕ್ಕ ಬೇರೆಯೇ ಹೇಳುತ್ತದೆ. ಮೇ ಮಧ್ಯಾಹ್ನ 38 ಡಿಗ್ರಿ, ಡಿಸೆಂಬರ್ ಬೆಳಗ್ಗೆ 16 ಡಿಗ್ರಿ ಎಂದಿಟ್ಟುಕೊಳ್ಳಿ. ಎರಡಕ್ಕೂ 273 ಕೂಡಿಸಿ ಭಾಗಿಸಿ: 311 ÷ 289 = 1.076. ಅಂದರೆ ಚಳಿಯ ಗಾಳಿ ಸುಮಾರು 7.6 ಪ್ರತಿಶತ ಹೆಚ್ಚು ದಟ್ಟ. ಗಾಳಿ ಹೆಚ್ಚಾದಷ್ಟು ಇಂಧನ ತಾನಾಗಿ ಹೆಚ್ಚುವುದಿಲ್ಲ. ಆದ್ದರಿಂದ ಮೇ ತಿಂಗಳ ಸೆಟ್ಟಿಂಗ್ ಡಿಸೆಂಬರಿನಲ್ಲಿ ಲೀನ್ ಆಗುತ್ತದೆ. ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದ ಹುಬ್ಬಳ್ಳಿಯಲ್ಲಿ ಟ್ಯೂನ್ ಮಾಡಿ ಭಟ್ಕಳದ ಕಡಲತೀರಕ್ಕೆ ಒಯ್ದರೂ ಹೀಗೇ. ಎರಡೂ ಕಡೆ ನೀಡಲ್ ಸ್ವಲ್ಪ ತೆರೆದೇ ಶುರು ಮಾಡಿ.

ನೀಡಲ್ ಸರಿಯಿದ್ದೂ ಬಿಸಿಯಾದರೆ ಇವನ್ನು ನೋಡಿ: ಎಂಜಿನ್ ತಲೆಯ ಪಟ್ಟಿಗಳ ನಡುವೆ ನಮ್ಮೂರ ಎರೆಮಣ್ಣಿನ ಧೂಳು ತುಂಬಿದೆಯೇ? ಇಂಧನದ ಫಿಲ್ಟರ್ ಕಟ್ಟಿದೆಯೇ? ಬ್ರೇಕ್ ಹಿಡಿದುಕೊಂಡಿದೆಯೇ? ಕಾರಿನ ಮೇಲಿನ ಕವಚದಲ್ಲಿ ಗಾಳಿಗೆ ದಾರಿ ಇದೆಯೇ?

ಎಚ್ಚರ

ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಚರ್ಮದಿಂದಲೂ ಒಳಗಿಳಿಯುತ್ತದೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಹಾಕಿಡಬೇಡಿ, ತಮ್ಮ ತಂಗಿಯರ ಕೈಗೆ ಸಿಗದಂತೆ ಬೀಗ ಹಾಕಿಡಿ. ಹಿರಿಯರೊಬ್ಬರು ಜೊತೆಗಿದ್ದಾಗ ಬಯಲಿನಲ್ಲೇ ಓಡಿಸಿ. ಪಿ.ಬಿ. ರಸ್ತೆಯಂತಹ ಕಡೆ ಖಂಡಿತ ಬೇಡ.

ಕಾಮರ್ಸ್ ವಿದ್ಯಾರ್ಥಿಯ ಲೆಕ್ಕ

ಸ್ವಲ್ಪ ರಿಚ್ ಇಟ್ಟರೆ ಪ್ರತಿ ಟ್ಯಾಂಕಿಗೆ ಒಂದಿಷ್ಟು ನಿಮಿಷದ ಓಟ ಕಡಿಮೆಯಾಗುತ್ತದೆ. ಅದು ನಾವು ಅಕೌಂಟೆನ್ಸಿಯಲ್ಲಿ ಓದುವ ರೆವಿನ್ಯೂ ಖರ್ಚು, ಚಿಕ್ಕದು. ಅದನ್ನು ಉಳಿಸಲು ಹೋಗಿ ಪಿಸ್ಟನ್ ಕೆಡಿಸಿಕೊಂಡರೆ ಹೋಗುವುದು ಆಸ್ತಿಯೇ. ನಾನು ಕ್ಯಾಶ್ ಬುಕ್ ಹಾಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ತಾರೀಖು, ಹೊತ್ತು, ಹವೆ, ನೀಡಲ್ ಎಷ್ಟು ತಿರುಗಿಸಿದೆ, ಎಷ್ಟು ಡಿಗ್ರಿ ಬಂತು. ನೈಟ್ರೋ ಕಾರು ಇರುವವರು ನಾಳೆಯಿಂದಲೇ ಒಂದು ಪುಟ ಶುರು ಮಾಡಿ. ಒಂದು ವರ್ಷ ಬರೆದರೆ ನಿಮ್ಮ ಎಂಜಿನ್ನಿಗೆ ಯಾವ ತಿಂಗಳು ಎಷ್ಟು ಬೇಕು ಎಂಬುದು ಅದರಲ್ಲೇ ಸಿಗುತ್ತದೆ.