ಪಹಣಿಯಲ್ಲಿ ಇಲ್ಲದ ಹೆಸರು

ಮೋಕದ ಹತ್ತಿರ ಕಾಲುವೆ ದಂಡೆಯ ಕ್ಯಾಂಪಿನಲ್ಲಿ ಒಂದು ಮನೆಯಿದೆ. ಅದರ ಅಡುಗೆಮನೆ ಬಾಗಿಲ ಹಿಂಬದಿಗೆ ಇವತ್ತಿಗೂ ಬಣ್ಣ ಹೊಡೆದಿಲ್ಲ. ಸೊಂಟದ ಮಟ್ಟದಿಂದ ತಲೆಯ ಮಟ್ಟದವರೆಗೆ ಸುಣ್ಣದ ಚುಕ್ಕೆಗಳು, ಸಾಲು ಸಾಲಾಗಿ. ಒಂದು ಚುಕ್ಕೆಗೆ ಒಂದು ಸೇರು ಹಾಲು. ಚುಕ್ಕೆಗಳ ಮೇಲೆ ಅಡ್ಡ ಗೀಟು ಎಳೆದಿದ್ದರೆ ಆ ಬಾಕಿ ಚುಕ್ತಾ ಆಯಿತು ಎಂದು ಅರ್ಥ. ಮನೆಗೆ ಬಣ್ಣ ಹೊಡೆಸಿದಾಗಲೆಲ್ಲ ಯಜಮಾನರು ಬಣ್ಣದವನಿಗೆ ಮೊದಲೇ ಹೇಳುತ್ತಿದ್ದರಂತೆ: ಆ ಬಾಗಿಲು ಮುಟ್ಟಬೇಡ, ಅದು ನಮ್ಮ ಮನೆಯವಳ ಪುಸ್ತಕ.

ಆ ಮನೆಯವರ ಮಾತು ತೆಲುಗು. ಚಿಕ್ಕಪ್ಪನಿಗೆ ತೆಲುಗಿನಲ್ಲಿ ಬಾಬಾಯಿ, ಚಿಕ್ಕಮ್ಮನಿಗೆ ಪಿನ್ನಿ. ನಮಗೂ ಆ ಗಂಡ ಹೆಂಡತಿ ಬಾಬಾಯಿ, ಪಿನ್ನಿಯೇ ಆದರು. ಆಗ ಗುಂಟೂರು ಜಿಲ್ಲೆಯಲ್ಲಿದ್ದ ಬಾಪಟ್ಲ ಕಡೆಯವರು. ಮದುವೆಯಾದ ಮರುವರ್ಷ, 1964ರಲ್ಲಿ, ಅಲ್ಲಿನ ಎರಡು ಎಕರೆ ಮಾರಿ ಬಂದು ಇಲ್ಲಿ ಹನ್ನೆರಡು ಎಕರೆ ಎರೆ ಹೊಲ ಕೊಂಡರು. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿದದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಜೋಳ, ಹತ್ತಿ ಬಿಟ್ಟು ಬೇರೆ ಬೆಳೆ ಕಾಣದ ನಮ್ಮವರಿಗೆ ಕಾಲುವೆ ನೀರಿನ ಬಗ್ಗೆ ನಂಬಿಕೆಗಿಂತ ಅಂಜಿಕೆಯೇ ಹೆಚ್ಚಿತ್ತು. ಎರೆ ಮಣ್ಣಿಗೆ ನೀರು ಬಿಟ್ಟರೆ ಹೊಲ ಕೆಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಕೃಷ್ಣಾ ಡೆಲ್ಟಾದಲ್ಲಿ ಹುಟ್ಟಿದವರಿಗೆ ಆ ಅಂಜಿಕೆ ಇರಲಿಲ್ಲ. ಸಿರುಗುಪ್ಪ, ಕುರುಗೋಡು, ಹೊಳೆಯಾಚೆಗೆ ಗಂಗಾವತಿ, ಸಿಂಧನೂರುಗಳ ತನಕ ಕ್ಯಾಂಪುಗಳು, ಅಂದರೆ ಹೀಗೆ ವಲಸೆ ಬಂದವರ ಊರುಗಳು, ಎದ್ದದ್ದು ಹೀಗೆ.

ಆ ಹನ್ನೆರಡು ಎಕರೆಯಲ್ಲಿ ನಾಲ್ಕು ಎಕರೆ ನಮ್ಮಪ್ಪನದು. ಅಕ್ಕನ ಮದುವೆಗೆ ಮಾರಿದ್ದರು. ಹೀಗೆ ಮಾರಿದ ಎಷ್ಟೋ ಮನೆಗಳ ಮೊಮ್ಮಕ್ಕಳು ಇವತ್ತು ಅದೇ ಗದ್ದೆಗಳಿಗೆ ನಾಟಿ ಕೂಲಿಗೆ ಹೋಗುತ್ತಾರೆ. ನಮ್ಮ ಸೀಮೆಯ ಈ ನೋವನ್ನು ಬಿಟ್ಟು ಕ್ಯಾಂಪಿನವರ ಏಳಿಗೆಯನ್ನಷ್ಟೇ ಬರೆದರೆ ಅದು ಅರ್ಧ ಲೆಕ್ಕ. ಆದರೆ ಆ ದಂಪತಿಯ ದುಡಿಮೆಯನ್ನು ಕಣ್ಣಾರೆ ನೋಡಿದವನು ನಾನು. ಬಾಬಾಯಿ ಮಡಿ ಕಟ್ಟುವಾಗ ಪಿನ್ನಿ ಬದುವಿಗೆ ಮಣ್ಣು ಹೊರುತ್ತಿದ್ದರು. ಮೊದಲ ಎರಡು ವರ್ಷ ಅವರಿಗಿದ್ದದ್ದು ಈಚಲ ಗರಿಯ ಗುಡಿಸಲು. ಮಧ್ಯಾಹ್ನದ ಹೊತ್ತು ಗದ್ದೆಯಾಚೆಯಿಂದ ‘ಏಮಂಡೀ’ ಎಂದು ಪಿನ್ನಿ ಗಂಡನನ್ನು ಕೂಗಿದರೆ ನಮ್ಮ ಹೊಲದಲ್ಲಿದ್ದವರೂ ಬುತ್ತಿ ಬಿಚ್ಚುತ್ತಿದ್ದರು.

ಅವರ ಹಣದ ಪದ್ಧತಿ ಎರಡೇ ಮಾತಿನದು. ನೆಲ್ಲಿನ ದುಡ್ಡು ಹೊಲಕ್ಕೆ, ಹಾಲಿನ ದುಡ್ಡು ಮನೆಗೆ. ನೆಲ್ಲು ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಗಂಟಾಗಿ ದುಡ್ಡು ತರುತ್ತದೆ. ಬಂದ ದಿನವೇ ಅದಕ್ಕೆ ಗೊಬ್ಬರದಂಗಡಿ, ಟ್ರ್ಯಾಕ್ಟರಿನವ, ನಾಟಿ ಗುಂಪು ಎಲ್ಲರೂ ಕಾದಿರುತ್ತಾರೆ. ಅದರಲ್ಲಿ ಮನೆ ನಡೆಸಲು ಕೈ ಹಾಕಿದರೆ ಮುಂದಿನ ಬೆಳೆಗೆ ಸಾಲವೇ ಗತಿ. ಅದಕ್ಕೇ ಪಿನ್ನಿ ಮೂರು ಎಮ್ಮೆ ಕಟ್ಟಿದರು. ಕಾಲುವೆಗೆ ನೀರು ಬಾರದ ವರ್ಷಗಳಲ್ಲಿ ಮಕ್ಕಳ ಶಾಲೆ ಫೀಸು ನಿಂತಿದ್ದು ಆ ಸುಣ್ಣದ ಚುಕ್ಕೆಗಳ ಮೇಲೆ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ನಾನು ಎಷ್ಟೋ ದೊಡ್ಡ ವ್ಯವಹಾರಗಳು ಮುಳುಗಿದ್ದು ನೋಡಿದ್ದೇನೆ. ದಿನದ ಖರ್ಚಿಗೆ ದಿನದ ಆದಾಯ ಇಲ್ಲದ್ದೇ ಅವುಗಳಲ್ಲಿ ಬಹುಪಾಲಿಗೆ ಕಾರಣ.

ಬೆಳೆಯ ಖರ್ಚಿಗೆಂದು ಜೂನ್‌ನಲ್ಲಿ ಪಿನ್ನಿಯ ಬಳೆಗಳು ಅಡವಿಗೆ ಹೋಗುತ್ತಿದ್ದವು, ಡಿಸೆಂಬರ್‌ನಲ್ಲಿ ಕೈಗೆ ಬರುತ್ತಿದ್ದವು. ಬಾಕಿ ಬೇಕಾದದ್ದು ದಲಾಲಿ ಅಂಗಡಿಯಿಂದ. ಅಲ್ಲಿ ಬೀಜ, ಗೊಬ್ಬರ, ಕೈಸಾಲ ಎಲ್ಲಾ ಸಿಗುತ್ತದೆ, ಆದರೆ ನೆಲ್ಲನ್ನು ಅದೇ ಅಂಗಡಿಗೆ ಹಾಕಬೇಕು. 75 ಕೆಜಿ ಚೀಲಕ್ಕೆ ಅವರು ಹೇಳಿದ್ದೇ ದರ, ಮೇಲೆ ತೂಕದಲ್ಲಿ ಸೂಟು. ಬಡ್ಡಿ ನೂರಕ್ಕೆ ಎರಡು ರೂಪಾಯಿ. ಕೇಳಲು ಸಣ್ಣದು, ಆದರೆ ಅದು ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದವು, 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿತು, ಬೆಳೆಸಾಲ ಹಳ್ಳಿಗಳಿಗೆ ನಿಧಾನಕ್ಕೆ ತಲುಪಿತು. ಆದರೂ ಆ ಅಂಗಡಿಯ ಖಾತೆ ಪೂರ್ತಿ ಮುಚ್ಚಲು ಬಾಬಾಯಿಗೆ 1988ರ ತನಕ ಹಿಡಿಯಿತು. ಅದಕ್ಕೆ ಎರಡು ವರ್ಷ ಮುಂಚೆ ಬಿಪಿಟಿ 5204 ಎಂಬ ನೆಲ್ಲಿನ ತಳಿ ಬಿಡುಗಡೆಯಾಗಿತ್ತು, ಬಾಪಟ್ಲದ ಸಂಶೋಧನಾ ಕೇಂದ್ರದ್ದೇ. ತವರಿನ ಬೀಜ ಬಂತು ಎಂದು ಪಿನ್ನಿ ಮೊದಲ ಅಕ್ಕಿಯಲ್ಲಿ ಪರಮಾನ್ನ ಮಾಡಿ ಕ್ಯಾಂಪಿಗೆಲ್ಲ ಹಂಚಿದ್ದರು. ಅಂಗಡಿ ಲೆಕ್ಕ ಚುಕ್ತಾ ಆದ ದಿನ ಇಬ್ಬರೂ ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದರು. ಬಾಬಾಯಿ ಇರುವ ತನಕ ಬಳೆ ಆಮೇಲೆ ಕೈಬಿಡಲಿಲ್ಲ.

2018ರ ಮೇ ತಿಂಗಳಲ್ಲಿ ಬಾಬಾಯಿ ತೀರಿಕೊಂಡರು. ನಾನು ನಿವೃತ್ತನಾದ ವರ್ಷವೂ ಅದೇ.

ಹನ್ನೆರಡು ಎಕರೆಯೂ ಅವರೊಬ್ಬರ ಹೆಸರಿನಲ್ಲಿತ್ತು. ಪಟ್ಟಣದ ಒಂದು ಬ್ಯಾಂಕಿನಲ್ಲಿದ್ದ ಠೇವಣಿಯೂ ಅವರೊಬ್ಬರದೇ, ನಾಮಿನಿ ಕಾಲಂ ಖಾಲಿ. ಪಿನ್ನಿ ಮೂರನೇ ತಿಂಗಳು ನಮ್ಮ ಮನೆ ಕಟ್ಟೆಗೆ ಬಂದು ಕೂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ನೋಡು ನಾಯನಾ, ಆಯನ ಜತಿಗೆ ಐವತ್ತೈದು ವರ್ಷ ಬದುಕಿದ್ದಕ್ಕೆ ಕಾಗದ ತಗಂಡು ಬಾ ಅಂತಾರೆ.”

ಕಾಗದಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಒಂದರಲ್ಲಿದ್ದ ಹೆಸರು ಇನ್ನೊಂದರಲ್ಲಿ ಇರಲಿಲ್ಲ, ಅಷ್ಟೆ. ಆಂಧ್ರದವರು ಮನೆತನದ ಹೆಸರನ್ನು, ಅಂದರೆ ಇಂಟಿಪೇರನ್ನು, ಮೊದಲು ಹೇಳುತ್ತಾರೆ. 1964ರಲ್ಲಿ ಬರೆದುಕೊಂಡವರು ಇಂಟಿಪೇರನ್ನೇ ಮಾಲೀಕನ ಹೆಸರು ಮಾಡಿ, ಬಾಬಾಯಿಯ ಹೆಸರನ್ನು ತಂದೆಯ ಹೆಸರಿನ ಜಾಗಕ್ಕೆ ಹಾಕಿದ್ದರು. ಕೈಬರಹದ ಪಹಣಿ ಕಂಪ್ಯೂಟರಿಗೆ ಹೋದಾಗ ತಪ್ಪೂ ಜೊತೆಗೆ ಹೋಯಿತು. ಪಿನ್ನಿಯ ಆಧಾರ್‌ನಲ್ಲಿ ಗಂಡನ ಇಂಟಿಪೇರು, ಹಳೆಯ ಪಾಸ್‌ಬುಕ್‌ನಲ್ಲಿ ತವರಿನ ಇಂಟಿಪೇರು, ರೇಷನ್ ಕಾರ್ಡಿನಲ್ಲಿ ಬರೀ ಹೆಸರು. ಸಹಿ ತೆಲುಗಿನಲ್ಲಿ. ಮದುವೆ ನೋಂದಣಿ ಎಂಬುದನ್ನು ಅವರ ಕಾಲದ ಹಳ್ಳಿಯಲ್ಲಿ ಯಾರು ಕಂಡಿದ್ದರು? ಮರಣ ಪ್ರಮಾಣಪತ್ರ, ವಂಶವೃಕ್ಷ, ಇವೆಲ್ಲ ಹೆಸರೂ ಒಬ್ಬರದೇ ಎನ್ನುವ ಅಫಿಡವಿಟ್, ಪಂಚನಾಮೆ. ಪಂಚರಲ್ಲಿ ಒಬ್ಬನಾಗಿ ನಾನೂ ಸಹಿ ಹಾಕಿದೆ. ಅವರು ಗಂಡ ಹೆಂಡತಿ ಹೌದು ಎಂದು ನಾನು, ಅವರ ಗುಡಿಸಲು ನೋಡಿದ ಹುಡುಗ, ಸರ್ಕಾರಕ್ಕೆ ಬರೆದುಕೊಟ್ಟೆ.

ಕಾನೂನಿನ ಲೆಕ್ಕ ಇನ್ನೂ ಕಟುವಾದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಬರೆಯದೆ ತೀರಿಕೊಂಡವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೂ ಪ್ರತಿ ಮಗ ಮಗಳಿಗೂ ಸಮಪಾಲು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಪಿನ್ನಿ. ನಾಲ್ಕು ಪಾಲು. ಹನ್ನೆರಡು ಎಕರೆಯಲ್ಲಿ ಅವರ ಪಾಲಿಗೆ ಮೂರು. ಬದುವಿಗೆ ಮಣ್ಣು ಹೊತ್ತವರಿಗೂ, ಆ ಬದುವಿನ ಮೇಲೆ ಆಡಿ ಬೆಳೆದವರಿಗೂ ಒಂದೇ ಅಳತೆ. ಕಾಯ್ದೆ ಮಕ್ಕಳಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹೆಂಡತಿಯ ಅರ್ಧವನ್ನು ಗಂಡ ಬದುಕಿದ್ದಾಗಲೇ ಬರೆದಿಡಬೇಕಿತ್ತು ಎನ್ನುತ್ತೇನೆ.

ಮಕ್ಕಳು ಚಿನ್ನದಂಥವರು. ಮೂವರೂ ತಮ್ಮ ಹಕ್ಕನ್ನು ಅಮ್ಮನಿಗೆ ಬಿಟ್ಟುಕೊಡಲು ಒಂದೇ ಮಾತಿಗೆ ಒಪ್ಪಿದರು. ಆದರೆ ಕಿರಿಯ ಮಗ ಅಮೆರಿಕದಲ್ಲಿ. ಅಪ್ಪ ಗುಂಟೂರಿನಿಂದ ಇಲ್ಲಿಗೆ ಬಂದ ಹಾಗೆ ಮಗ ಇಲ್ಲಿಂದ ಅಲ್ಲಿಗೆ. ಅವನು ಭಾರತೀಯ ಕಾನ್ಸುಲೇಟಿನಲ್ಲಿ ಮುಖ್ತಿಯಾರ್ ಪತ್ರ ದೃಢೀಕರಿಸಿ ಕಳಿಸಬೇಕಾಯಿತು, ಒಂದಕ್ಷರದ ತಪ್ಪಿಗೆ ಎರಡನೇ ಸಲವೂ ಕಳಿಸಬೇಕಾಯಿತು. ಎಲ್ಲಾ ಮುಗಿದು ಪಹಣಿಯಲ್ಲಿ ಪಿನ್ನಿಯ ಹೆಸರು ಬರಲು ಹದಿನಾಲ್ಕು ತಿಂಗಳು. ಜಗಳವಿಲ್ಲದ ಮನೆಗೇ ಇಷ್ಟು.

ಪಹಣಿಯಲ್ಲಿ ಹೆಸರಿಲ್ಲದ್ದರಿಂದ ಬೆಳೆಸಾಲ ಸಿಗಲಿಲ್ಲ. 2018ರ ಮುಂಗಾರಿಗೂ 2019ರ ಮುಂಗಾರಿಗೂ ಮೂರು ಮೂರು ಲಕ್ಷವನ್ನು ಪಿನ್ನಿ ತಂದದ್ದು ಒಂದು ದಲಾಲಿ ಅಂಗಡಿಯಿಂದ, ಅದೇ ಎರಡು ರೂಪಾಯಿ ಬಡ್ಡಿಗೆ. ಆರು ತಿಂಗಳಿಗೆ 36,000, ಎರಡು ಬೆಳೆಗೆ 72,000 ರೂಪಾಯಿ. ಇದೇ ಮೊತ್ತ ಬ್ಯಾಂಕಿನ ಬೆಳೆಸಾಲವಾಗಿದ್ದು ಗಡುವಿನೊಳಗೆ ಕಟ್ಟಿದ್ದರೆ ಬಡ್ಡಿ ಶೇ 4, ಎರಡು ಬೆಳೆಗೆ 12,000. ಒಂದು ಹೆಸರು ಇಲ್ಲದ್ದಕ್ಕೆ ಅರವತ್ತು ಸಾವಿರ. ಬಳೆಗಳು ಮತ್ತೆ ಅಡವಿಗೆ ಹೋದವು, ಮೂವತ್ತು ವರ್ಷದ ಮೇಲೆ.

ಬಾಬಾಯಿಯ ಪಾಸ್‌ಬುಕ್ಕನ್ನು ನಾನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೋ ಲೆಕ್ಕವಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಬಾಬಾಯಿ ತೋರಿಸುತ್ತಿದ್ದರು, ಬಡ್ಡಿ ಸರಿಯಾಗಿ ಜಮಾ ಆಗಿದೆಯಾ ನೋಡು ಎಂದು. ಬಡ್ಡಿ ನೋಡುತ್ತಿದ್ದೆ. ಪಿನ್ನಿಯ ಹೆಸರೆಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಅವರು ಮರುದಿನವೇ ಬರೆಸುತ್ತಿದ್ದರು, ಅಂಥ ಮನುಷ್ಯ. ಈ ಅಂಕಣ ಬರೆಯಲು ಕೂತಿದ್ದೇ ಆ ಸಂಕಟಕ್ಕೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಗಂಡ ಹೆಂಡತಿಯ ಖಾತೆ, ಠೇವಣಿ ಜಂಟಿಯಾಗಿರಲಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನಲ್ಲಿ. ಮೇಲೆ ನಾಮಿನಿಯನ್ನೂ ಬರೆಸಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ತನಕ ಹೆಸರಿಸಬಹುದು. ಆದರೆ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು, ಅವರೇ ಒಡೆಯರಲ್ಲ. ಒಡೆತನ ಹೇಳಬೇಕಾದದ್ದು ವಿಲ್. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ನಿಮ್ಮ ಭಾಷೆಯಲ್ಲೇ ಬರೆಯಬಹುದು. ನಿಮ್ಮ ಸಹಿ ನೋಡಿದ ಇಬ್ಬರು ಸಾಕ್ಷಿಗಳು ನಿಮ್ಮ ಎದುರಿಗೇ ಸಹಿ ಹಾಕಿರಬೇಕು, ಅಷ್ಟು ಸಾಕು. ಜಮೀನಿನಲ್ಲಿ ಹೆಂಡತಿಗೆ ಈಗಲೇ ಪಾಲು ಕೊಡುವುದಾದರೆ ದಾನಪತ್ರವಿದೆ. ಕರ್ನಾಟಕದಲ್ಲಿ ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಜಮೀನಿನ ಬೆಲೆಯ ಲೆಕ್ಕದಲ್ಲಿಲ್ಲ, ನಿಗದಿತ ಮೊತ್ತ.

ಪಿನ್ನಿ ಇದನ್ನು ನಮಗಿಂತ ಬೇಗ ಕಲಿತರು. ತಮ್ಮ ಹೆಸರಿಗೆ ಪಹಣಿ ಬಂದ ತಿಂಗಳಲ್ಲೇ ಒಂದೂವರೆ ಪುಟದ ವಿಲ್ ಬರೆದರು, ತೆಲುಗಿನಲ್ಲಿ, ತಮ್ಮ ಕೈಯಾರೆ. ಹೊಲ ಮೂವರು ಮಕ್ಕಳಿಗೂ ಸಮ, ಬಳೆ ಮಗಳಿಗೆ, ಹಟ್ಟಿಯಲ್ಲಿದ್ದ ಎಮ್ಮೆಗಳು ಸಗಣಿ ಬಾಚುವ ಹೆಣ್ಣುಮಗಳಿಗೆ. ಪ್ರತಿ ಹೆಸರನ್ನೂ ಆಧಾರ್‌ನಲ್ಲಿದ್ದ ಹಾಗೇ ಅಕ್ಷರ ಅಕ್ಷರ ನೋಡಿ ಬರೆದಿದ್ದರು. ಬೈರದೇವನಹಳ್ಳಿ ಬಳಿ ವೇದಾವತಿ ಮೇಲಿನ ಕಾಲುವೆ ಸೇತುವೆಯ ಕಂಬ ಕುಸಿದು ನೀರು ನಿಂತ ವರ್ಷ, 2022ರಲ್ಲಿ, ಅವರೂ ಹೋದರು. ಮಕ್ಕಳ ಹೆಸರಿಗೆ ಖಾತೆ ಬದಲಾಗಲು ಎರಡೇ ತಿಂಗಳು ಸಾಕಾಯಿತು.

ಈ ವಾರ ನಿಮ್ಮ ಮನೆಯ ಪಹಣಿ, ಪಾಸ್‌ಬುಕ್, ಆಧಾರ್ ಮೂರನ್ನೂ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಹೆಸರುಗಳು ಒಂದೇ ಇವೆಯೇ, ಮನೆಯಾಕೆಯ ಹೆಸರು ಎಲ್ಲಾದರೂ ಇದೆಯೇ. ಇಲ್ಲದಿದ್ದರೆ ಸೋಮವಾರವೇ ಹೊರಡಿ, ಇಬ್ಬರೂ ಜೊತೆಯಾಗಿ.