ಶಿಸ್ತಿಗೆ ಮೊದಲು ಕಿವಿ ನೋಡಿ

‘ಸಾಲ್ಯಾಗ ನಮ್ಮ ಹುಡುಗ ಹೇಳಿದ್ದು ಕೇಳಂಗಿಲ್ರಿ’ ಎಂದು ಮೋಟೆಬೆನ್ನೂರು ಕಡೆಯ ತಾಯಂದಿರು ದೂರುವುದುಂಟು. ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸೋರುವ ಮಗುವಿಗೆ ಪಾಠ ಅರೆಬರೆ ಕೇಳಿಸಬಹುದು. ಬೇಸತ್ತು ಪಕ್ಕದವರನ್ನು ಚಿವುಟುತ್ತದೆ. ದೃಷ್ಟಿದೋಷ, ರಕ್ತಹೀನತೆ, ನಿದ್ದೆಗೇಡು, ಬೆಳಗಿನ ಹಸಿವೂ ಗಮನ ಕೆಡಿಸುತ್ತವೆ.

ಶಿಕ್ಷಕರು ಇಂಥ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಸೂಚನೆ ಕೊಡಲಿ. ತಪ್ಪಿದರೆ ಬೇರೆಯಾಗಿ ಕರೆದು ತಿಳಿಹೇಳಲಿ. ಸರಿಯಾಗಿ ನಡೆದಾಗ ಎಲ್ಲರೆದುರು ಮೆಚ್ಚಲಿ. ಕಪಾಳಕ್ಕಂತೂ ಹೊಡೆಯಲೇಬಾರದು, ಒಂದೇ ಏಟಿಗೆ ಕಿವಿತಮಟೆ ಹರಿಯಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಪಾಲಕರೇ, ಸೋರುವ ಕಿವಿಗೆ ಎಣ್ಣೆ ಬಿಡಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ.