ಎರೆಮಣ್ಣು ನೀರಿನ ವಿಷ ಹಿಡಿಯುತ್ತದೆಯೇ?

ಆಸ್ಪರಿಯಿಂದ ಆದೋನಿ ಕಡೆ ಹೊರಟರೆ ಎರೆ ಹೊಲ, ಮಸಾರಿ ಹೊಲ ಎರಡೂ ಸಿಗುತ್ತವೆ. ಎರೆ ಹೊಲದಲ್ಲಿ ಹತ್ತಿ. ಹತ್ತಿಗೆ ಹುಳ. ಹುಳಕ್ಕೆ 'ಔಷಧಿ' ಹೊಡೆಯುತ್ತೇವೆ. ಅದು ಔಷಧಿಯಲ್ಲ, ವಿಷ. ಪಂಪು ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ, ಇಲ್ಲವೇ ಬಾವಿಗೆ.

"ಕಾಯಿಸಿ ಕುಡೀರಿ, ಏನೂ ಆಗಲ್ಲ" ಎಂದು ಕೆಲವರು ಹೇಳುತ್ತಾರೆ. ಇದು ತಪ್ಪು. ಕಾಯಿಸಿದರೆ ರೋಗದ ಕ್ರಿಮಿಗಳು ಸಾಯುತ್ತವೆ. ಹೊಲದ ವಿಷ ಹೋಗುತ್ತದೆ ಎಂದು ನಂಬುವಂತಿಲ್ಲ. ಪಟಿಕ ಹಾಕಿದರೆ ರಾಡಿ ಕೆಳಗೆ ಕೂಡುತ್ತದೆ, ನೀರು ತಿಳಿಯಾಗುತ್ತದೆ. ಆದರೆ ತಿಳಿ ನೀರೆಲ್ಲ ಒಳ್ಳೆ ನೀರಲ್ಲ.

ಇಂಥ ವಿಷ, ಡೀಸೆಲ್, ಬಟ್ಟೆಯ ಬಣ್ಣ ಇವನ್ನು ಪುಸ್ತಕದಲ್ಲಿ 'ಸಾವಯವ ಮಾಲಿನ್ಯ' ಎನ್ನುತ್ತಾರೆ. ಸಾವಯವ ಎಂದ ಕೂಡಲೇ ತಿಪ್ಪೆಗೊಬ್ಬರದ ಬೇಸಾಯ ಎಂದು ತಿಳಿಯಬೇಡಿ. ಇಲ್ಲಿ ಅದರ ಅರ್ಥ ಇಂಗಾಲ ಸೇರಿದ ವಸ್ತು. ಇದನ್ನು ನೀರಿನಿಂದ ತೆಗೆಯಲು ವಿಜ್ಞಾನಿಗಳು ಕಂಡ ದಾರಿಗಳಲ್ಲಿ ಒಂದು ಮಣ್ಣು. ಹೌದು, ಮಣ್ಣೇ!

ಎರೆಮಣ್ಣನ್ನು ನೀವು ದಿನವೂ ನೋಡುತ್ತೀರಿ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚುತ್ತದೆ. ಯಾಕೆ? ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಇದೆ. ರೊಟ್ಟಿ ಪೇರಿಸಿಟ್ಟ ಹಾಗೆ ಪದರ ಪದರ. ಸುಮಾರು ಹತ್ತು ಲಕ್ಷ ಪದರ ಸೇರಿದರೆ ಒಂದು ಮಿಲಿಮೀಟರ್ ದಪ್ಪ. ಒಂದು ಗ್ರಾಂ ಜೇಡಿಯ ಪದರಗಳನ್ನೆಲ್ಲ ಬಿಡಿಸಿದರೆ ಅವುಗಳ ಮೈ 700 ಚದರ ಮೀಟರ್ ಆಗುತ್ತದೆ, ಅಂದರೆ 17 ಸೆಂಟು ಜಮೀನು! ಈ ಜೇಡಿ ಹೆಚ್ಚಾಗಿರುವ ಬೆಂಟೊನೈಟ್ ಅನ್ನು ಗುಜರಾತಿನ ಕಚ್ಛ್, ರಾಜಸ್ಥಾನದ ಬಾಡ್ಮೇರ್ ಕಡೆ ಅಗೆದು ತೆಗೆಯುತ್ತಾರೆ.

ಪದರಗಳ ನಡುವೆ ಲವಣದ ಕಣಗಳು ಕೂತಿರುತ್ತವೆ. ಬಸ್ಸಿನ ಸೀಟಿನಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂರುವ ಹಾಗೆ ಇವನ್ನು ಬದಲಿಸಬಹುದು. ಚೌಳು ಹೊಲಕ್ಕೆ ಜಿಪ್ಸಂ ಹಾಕುವುದು ಇದಕ್ಕೇ. ಸೋಡಿಯಂ ಎದ್ದು ಹೋಗುತ್ತದೆ, ಕ್ಯಾಲ್ಸಿಯಂ ಬಂದು ಕೂರುತ್ತದೆ, ನೆಲ ಸಡಿಲಾಗುತ್ತದೆ.

ಒಂದು ಪ್ರಯೋಗ ಮಾಡಿ. ಹುಣ್ಣಿಗೆ ಹಚ್ಚುವ ನೇರಳೆ ಮದ್ದು, ಜೆನ್ಷನ್ ವೈಲೆಟ್, ಇದೆಯಲ್ಲ? ಎರಡು ಬಾಟಲಿ ನೀರಿಗೆ ಒಂದೊಂದು ಹನಿ ಬಿಡಿ. ಒಂದರಲ್ಲಿ ಮಾತ್ರ ನಾಲ್ಕು ಚಮಚ ಎರೆಮಣ್ಣಿನ ಪುಡಿ ಹಾಕಿ, ಚೆನ್ನಾಗಿ ಅಲ್ಲಾಡಿಸಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಣ್ಣು ಹಾಕಿದ್ದರಲ್ಲಿ ನೇರಳೆ ಬಣ್ಣ ಮಣ್ಣಿನ ಜೊತೆ ಕೆಳಗೆ ಇಳಿದಿರುತ್ತದೆ. ಬಣ್ಣದ ಕಣ ಪದರದ ಸೀಟು ಹಿಡಿದಿದೆ. (ಈ ನೀರನ್ನು ಯಾರೂ ಕುಡಿಯಬಾರದು. ಮಕ್ಕಳ ಕೈಗೆ ಕೊಡಬೇಡಿ.)

ಡೀಸೆಲ್ ಹನಿ ಹಾಕಿದರೆ ಹೀಗಾಗದು. ಅದು ಮೇಲೆ ತೇಲುತ್ತದೆ. ನೆನೆದ ಮಣ್ಣಿಗೆ ನೀರೇ ಪ್ರೀತಿ, ಎಣ್ಣೆ ಬೇಡ. ಆದ್ದರಿಂದ ಕಾರ್ಖಾನೆಯಲ್ಲಿ ಜೇಡಿಯ ಗುಣವನ್ನೇ ಬದಲಿಸುತ್ತಾರೆ. ಉದ್ದ ಬಾಲದ ಒಂದು ಲವಣವನ್ನು ಬೆರೆಸುತ್ತಾರೆ. ಅದರ ತಲೆ ಪದರಕ್ಕೆ ಅಂಟಿ ಕೂರುತ್ತದೆ. ಬಾಲ ಎಣ್ಣೆಯಂಥದ್ದು. ಈಗ ಪದರಗಳ ನಡುವೆ ಎಣ್ಣೆಗೆ ಜಾಗವಾಯಿತು. ಎಣ್ಣೆಬಾವಿಗಳಿಂದ ಬರುವ ಜಿಡ್ಡು ನೀರನ್ನು ಸೋಸಲು ಇಂಥ ಜೇಡಿ ಬಳಸುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಎಂಡೋಸಲ್ಫಾನ್ ಕೂಡ ನೀರಿನಲ್ಲಿ ಸರಿಯಾಗಿ ಕರಗದ ಜಾತಿ. ಅಂಥದ್ದು ಈ ಜೇಡಿಗೆ ಅಂಟುತ್ತದೆ.

ಆದರೆ ಮೊನೊಕ್ರೊಟೊಫಾಸ್ ಹಾಗಲ್ಲ. ಸಕ್ಕರೆಯಂತೆ ನೀರಲ್ಲಿ ಕರಗಿ ಹೋಗುತ್ತದೆ, ಜೇಡಿಗೆ ಸುಲಭಕ್ಕೆ ಸಿಗದು. ಬೋರಿನ ನೀರಿನ ಫ್ಲೋರೈಡ್ ಸಾವಯವ ವಸ್ತುವೇ ಅಲ್ಲ. ಅದಕ್ಕೆ ಬೇರೆ ಉಪಾಯ ಬೇಕು. ಇನ್ನೊಂದು ಮಾತು. ಸೀಟು ತುಂಬಿದ ಮೇಲೆ ಜೇಡಿ ಏನನ್ನೂ ಹಿಡಿಯದು. ಹಿಡಿದಿಟ್ಟ ವಿಷ ಅದರಲ್ಲೇ ಇರುತ್ತದೆ. ಅದನ್ನು ಹಳ್ಳಕ್ಕೆ ಚೆಲ್ಲಿದರೆ ಮಾಡಿದ ಕೆಲಸವೆಲ್ಲ ಹಾಳು.

ಹಾಗಾದರೆ ಹೊಲದ ಎರೆಮಣ್ಣನ್ನು ಕೊಡಕ್ಕೆ ಹಾಕಿ ನೀರು ಕುಡಿಯಬಹುದೇ? ಬೇಡವೇ ಬೇಡ. ಅದು ಬದಲಿಸಿದ ಜೇಡಿಯಲ್ಲ, ಅದರಲ್ಲೂ ನೀವು ಹೊಡೆದ ವಿಷ ಇರಬಹುದು. ಇವತ್ತು ನಿಮ್ಮ ಕೈಯಲ್ಲಿ ಆಗುವ ಕೆಲಸ ಒಂದಿದೆ. ಪಂಪನ್ನು ಬಾವಿ, ಹಳ್ಳ, ಬೋರಿನ ಹತ್ತಿರ ತೊಳೆಯಬೇಡಿ. ಔಷಧಿ ಹೊಡೆದ ಹೊಲದಲ್ಲೇ, ನೀರಿನಿಂದ ದೂರ ತೊಳೆಯಿರಿ. ಖಾಲಿ ಡಬ್ಬಿಗೆ ತೂತು ಹೊಡೆಯಿರಿ, ಯಾರೂ ಅದರಲ್ಲಿ ನೀರು ತುಂಬಬಾರದು.